ಜಪಾನಿನ ಹೆಂಗಸಿನ ಒಂದು ದಿನದ ಮುಯ್ಯಿ

ಪುಟ್ಟಿ, ಚಿನ್ನು,

ಹೋದ ಭಾನುವಾರ ನೀವು ಬಂದಿದ್ದಾಗ ನನ್ನ ಫೋನಿನಲ್ಲಿ ಒಂದು ಫೋಟೋ ನೋಡಿ ನಗಾಡಿದಿರಿ. ತಲೆಗೆ ನನ್ನ ಹಳೇ ಟವಲ್ ಸುತ್ತಿಕೊಂಡು, ಸೊಂಟಕ್ಕೆ ಚೀಲ ಕಟ್ಟಿಕೊಂಡು ಕಾಫಿ ಗಿಡದ ಮುಂದೆ ನಿಂತಿರುವ ಜಪಾನಿನ ಹೆಂಗಸು. ಪಕ್ಕದಲ್ಲಿ ಬೇರೆ ಎಲ್ಲೋ ನೋಡುತ್ತಿರುವ ನಾನು. ಇವರ ಹತ್ತಿರ ಯಾವ ಭಾಷೆಯಲ್ಲಿ ಮಾತಾಡಿದೆ ಅಜ್ಜಿ ಅಂತ ಪುಟ್ಟಿ ಕೇಳಿದಳು. ನಾನು ಹಾಲು ಉಕ್ಕುತ್ತದೆ ಅಂತ ಒಳಗೆ ಹೋದೆ. ಹಾಲು ಇಟ್ಟೇ ಇರಲಿಲ್ಲ. ಎದುರಿಗೆ ಕೂತು ಹೇಳುವುದು ನನಗೆ ಆಗುವುದಿಲ್ಲ, ಮೊಮ್ಮಕ್ಕಳಾದ ನಿಮ್ಮ ಮುಂದೆ ಕೂಡ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಓದಿದ್ದು ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನ ತನಕ. ಇಂಗ್ಲಿಷ್ ಶುರುವಾಗಿದ್ದು ಐದನೇ ಕ್ಲಾಸಿನಲ್ಲಿ. ಮೇಷ್ಟ್ರು ಎಲ್ಲರ ಕೈಲಿ ಒಟ್ಟಿಗೆ ಓದಿಸುವಾಗ ನಾನು ತುಟಿ ಮಾತ್ರ ಆಡಿಸುತ್ತಿದ್ದೆ. ಆಮೇಲೆ ಅದರ ಗೊಡವೆಗೇ ಹೋಗಿರಲಿಲ್ಲ. ನಿಮ್ಮ ಅಜ್ಜ ಹೋದ ಮೇಲೆ, ಪುಟ್ಟಿ, ನೀನು ಮೂರನೇ ಕ್ಲಾಸಿನ ಇಂಗ್ಲಿಷ್ ಪುಸ್ತಕ ಇಲ್ಲೇ ಬಿಟ್ಟು ಆಲೂರಿಗೆ ಹೋಗಿದ್ದೆ. ಕಾಫಿ ಒಣಗಿಸುವ ಕಣದ ಹತ್ತಿರ ಕೋಳಿ ಕಾಯುತ್ತಾ ಕೂತಾಗ ಅದನ್ನು ತೆಗೆದು ಓದಲು ಶುರುಮಾಡಿದೆ. ಜೋರಾಗಿ ಓದಿದರೆ ಕೇಳುವವರು ಕೋಳಿಗಳು ಮಾತ್ರ. ಅವು ಯಾವತ್ತೂ ತಪ್ಪು ಹಿಡಿಯಲಿಲ್ಲ.

ಆ ವರ್ಷ ನಮ್ಮ ಸಂಘದಲ್ಲಿ ಒಂದು ಸುದ್ದಿ ಬಂತು. ಸಂಘ ಅಂದರೆ ನಾವು ಹನ್ನೆರಡು ಮನೆಯ ಹೆಂಗಸರು. ಎಲ್ಲರದೂ ಒಂದು ಎಕರೆ, ಎರಡು ಎಕರೆ ತೋಟ. ಇಷ್ಟು ವರ್ಷ ನಮ್ಮ ಕಾಫಿ ಸಕಲೇಶಪುರಕ್ಕೆ ಹೋಗಿ ಸುತ್ತೇಳು ಊರಿನ ಕಾಫಿ ಜೊತೆ ಒಂದೇ ರಾಶಿಗೆ ಬೀಳುತ್ತಿತ್ತು. ಯಾರ ಹಣ್ಣು, ಎಷ್ಟು ಜೋಪಾನವಾಗಿ ಕೊಯ್ದಿದ್ದು ಅಂತ ಕೇಳುವವರಿಲ್ಲ. ಈಗ ಜಪಾನಿನ ಒಂದು ಕಂಪನಿ ನಮ್ಮ ಹನ್ನೆರಡು ಮನೆಯ ಕಾಫಿಯನ್ನು ಬೇರೆಯಾಗಿ, ನಮ್ಮ ಊರಿನ ಹೆಸರಿನಲ್ಲೇ ತಗೊಳ್ಳುತ್ತದಂತೆ. ಅದಕ್ಕೆ ಮೊದಲು ಅವರ ಕಡೆಯ ಒಬ್ಬ ಮೇಡಂ ಬಂದು ತೋಟ ನೋಡುತ್ತಾರೆ, ಉದ್ದದ ಒಂದು ಕಾಗದ ಹಿಡಿದು ಪ್ರಶ್ನೆ ಕೇಳುತ್ತಾರೆ, ಆ ಕಾಗದ ಸರಿಹೋದರೆ ಮಾತ್ರ ವ್ಯಾಪಾರ. ಯಸಳೂರು ರಸ್ತೆಗೆ ನಮ್ಮ ತೋಟವೇ ಹತ್ತಿರ ಅಂತ ಮೊದಲು ನಮ್ಮಲ್ಲಿಗೇ ಕರೆತಂದರು.

ಆಕೆಗೆ ನಲವತ್ತರ ಆಸುಪಾಸು. ಕಣದ ಅಂಚಿಗೆ ಬಂದು ನಿಂತವರು ಯಾರೂ ಹೇಳದೆ ಶೂ ಬಿಚ್ಚಿಟ್ಟರು. ನನಗೆ ಆಶ್ಚರ್ಯವಾಯಿತು. ಇಲ್ಲಿನ ಎಸ್ಟೇಟುಗಳಲ್ಲಿ ಲೆಕ್ಕ ಬರೆಯುವ ರೈಟರುಗಳೇ ಚಪ್ಪಲಿ ಹಾಕಿಕೊಂಡು ಕಣ ತುಳಿಯುತ್ತಾರೆ. ನಾನು ಕೊಟ್ಟ ಲೋಟವನ್ನು ಎರಡು ಕೈಯಲ್ಲಿ ಇಸ್ಕೊಂಡರು. ಇವರ ಊರಲ್ಲಿ ಒಂದು ಕೈಯಲ್ಲಿ ತಗೊಂಡರೆ ಏನು ಅರ್ಥವೋ, ಇವರಿಗೆ ಅದನ್ನೆಲ್ಲ ಹೇಳಿಕೊಟ್ಟವರು ಯಾರೋ ಅಂತ ಯೋಚಿಸುತ್ತಾ ನಿಂತೆ.

ಮಾತು ತಿರುಗಿಸಿ ಹೇಳಲು ಸಕಲೇಶಪುರದ ಟೀಚರಮ್ಮ ಬಂದಿದ್ದರು. ಮಂಗಳೂರು ಕಡೆಯಿಂದ ಬಂದು ನೆಲೆಸಿದ ಕ್ರಿಶ್ಚಿಯನ್ ಮನೆತನದವರು, ಇಂಗ್ಲಿಷ್ ಪಾಠ ಮಾಡಿ ನಿವೃತ್ತಿಯಾದವರು. ಬಲು ಒಳ್ಳೆಯವರು, ಆದರೆ ಹುಟ್ಟಿದಾಗಿಂದ ಪೇಟೆಯವರು.

ಗೊಬ್ಬರ, ನೀರು, ಔಷಧಿ ಎಲ್ಲ ಕೇಳಿದ ಮೇಲೆ ಹಣ್ಣು ಕೊಯ್ಯುವವರು ಯಾರು ಅಂತ ಮೇಡಂ ಕೇಳಿದರು. ಹನ್ನೊಂದು ಜನ ಬರುತ್ತಾರೆ ಅಂದೆ. ಅವರಿಗೆ ದಿನಕ್ಕೆ ಕೂಲಿ ಎಷ್ಟು ಅಂತ ಕೇಳಿದರು.

"ಕೂಲಿ ಇಲ್ಲ."

ನಾನು ಅಂದದ್ದನ್ನು ಟೀಚರಮ್ಮ ಇಂಗ್ಲಿಷಿನಲ್ಲಿ ಹೇಳಿದರು. ಮೇಡಂನ ಪೆನ್ನು ನಿಂತಿತು. ಹಾಗಾದರೆ ಏನು ಕೊಡುತ್ತೀರಿ?

"ಮಧ್ಯಾಹ್ನ ಊಟ ಹಾಕ್ತೀನಿ."

ಅವರು ಬರುವುದಿಲ್ಲ ಅಂದರೆ?

ನನಗೆ ಪ್ರಶ್ನೆಯೇ ವಿಚಿತ್ರ ಅನಿಸಿತು. "ಬರ್ದೆ ಇರಕ್ಕಾಗಲ್ಲ. ಬರ್ಲೇಬೇಕು," ಅಂದೆ.

ಟೀಚರಮ್ಮ ಅದನ್ನೂ ಹಾಗೇ ಹೇಳಿದರು. ಆಕೆಯ ಮುಖದಲ್ಲಿ ಏನೂ ಬದಲಾಗಲಿಲ್ಲ. ಕಾಗದದಲ್ಲಿ ಏನೋ ಬರೆದು ಮಡಚಿ, ಕಾಫಿ ಪೂರ್ತಿ ಕುಡಿದು, ತಲೆಬಾಗಿಸಿ ಹೊರಟರು. ಎಲ್ಲ ಚೆನ್ನಾಗಿ ಆಯಿತು ಅಂತಲೇ ನಾನು ಅಂದುಕೊಂಡಿದ್ದೆ.

ನಿಮಗೆ ಗೊತ್ತಿರುವುದೇ. ನಮ್ಮಲ್ಲಿರುವುದು ಮುಯ್ಯಾಳು. ನನ್ನ ತೋಟಕ್ಕೆ ಹನ್ನೊಂದು ಜನ ಬಂದು ಒಂದು ದಿನ ಕೊಯ್ದುಕೊಟ್ಟರೆ, ನಾನು ಅವರ ಹನ್ನೊಂದು ತೋಟಕ್ಕೂ ಒಂದೊಂದು ದಿನ ಹೋಗುತ್ತೇನೆ. ದಿನಕ್ಕೆ ದಿನ, ಅಷ್ಟೇ. ಅದನ್ನು ನಾನು ಯಾಕೆ ಹೇಳಲಿಲ್ಲ ಅಂತ ಕೇಳಬೇಡಿ. ಅನ್ನ ಅಂದರೆ ಏನು ಅಂತ ಯಾರಾದರೂ ಬಿಡಿಸಿ ಹೇಳುತ್ತಾರಾ? ಅದು ಗೊತ್ತಿಲ್ಲದ ಜನ ಇರುತ್ತಾರೆ ಅಂತ ನನಗೆ ಹೊಳೆಯಲೇ ಇಲ್ಲ. ಮೇಲೆ, ಹೊಸಬರ ಮುಂದೆ ನನ್ನ ಬಾಯಿಂದ ಎರಡು ಮಾತಿಗಿಂತ ಹೆಚ್ಚು ಹೊರಡುವುದೂ ಇಲ್ಲ.

ಸಂಜೆ ಟೀಚರಮ್ಮನ ಫೋನ್ ಬಂತು. ಈ ಊರಿನಲ್ಲಿ ಹೆಂಗಸರ ಕೈಲಿ ಬಿಟ್ಟಿ ಕೆಲಸ ಮಾಡಿಸುತ್ತಾರೆ, ಬರುವುದಿಲ್ಲ ಅನ್ನುವ ಹಾಗೂ ಇಲ್ಲ, ಅಂತ ಕಾಗದದಲ್ಲಿ ಬರೆದಾಗಿದೆ. ಅಂಥ ಕಡೆ ಅವರ ಕಂಪನಿ ಒಂದು ಕಾಳೂ ತಗೊಳ್ಳುವುದಿಲ್ಲ. ನಾಡಿದ್ದು ಅವರು ಹೊರಟುಬಿಡುತ್ತಾರೆ. "ನೀವು ಹೇಳಿದ್ದನ್ನೇ ನಾನು ಹೇಳಿದ್ದು ಮಾರಾಯ್ರೇ, ಒಂದಕ್ಷರ ಬಿಡ್ಲಿಲ್ಲ," ಅಂದರು. ಅದು ನಿಜವೇ. ಅವರು ಒಂದಕ್ಷರ ಬಿಟ್ಟಿರಲಿಲ್ಲ.

ಹನ್ನೊಂದು ಮನೆಯವರ ಆಸೆಯನ್ನು ನಾನು ನಾಲ್ಕು ಮಾತಿನಲ್ಲಿ ಮುಗಿಸಿದ್ದೆ. ನಮ್ಮ ಸಂಘದ ಮೇಲ್ಮನೆ ಅಕ್ಕನ ಹತ್ತಿರ ಹೋಗಿ ಹೇಳಿದೆ. ಅವರ ಬಾಯಿ ನಿಮಗೆ ಗೊತ್ತಲ್ಲ.

"ವರ್ಷಕ್ಕೊಂದ್ಸಲ ಬಾಯ್ ಬಿಡ್ತೀಯ ಕಣೇ, ಬಿಟ್ಟಾಗ ಹಿಂಗ್ ಮಾಡ್ತೀಯ," ಅಂದರು.

ಎಲ್ಲರೂ ಸೇರಿದರು. ಒಬ್ಬಳು, ಕೂಲಿ ಕೊಟ್ಟಿದ್ದೀವಿ ಅಂತ ಒಂದು ಹಾಳೆ ಬರೆದು ಎಲ್ಲರೂ ಸಹಿ ಹಾಕೋಣ, ಮುಗಿಯಿತಲ್ಲ ಅಂದಳು. ಸುಲಭವಾಗಿತ್ತು. ಒಂದು ಗಳಿಗೆ ನನಗೂ ಸರಿ ಅನಿಸಿತು. ಮೇಲ್ಮನೆ ಅಕ್ಕ ಮಾತ್ರ ಎದ್ದು ನಿಂತರು. "ನನ್ ಮಗಳ ಬಾಣಂತನದಾಗೆ ಇವಳು ಎಂಟು ದಿನ ಬಂದವ್ಳೆ. ಇವಳ ಕೈಲಿ ನಾನು ಕೂಲಿ ಇಸ್ಕಂಡೆ ಅಂತ ಸಹಿ ಹಾಕ್ಬೇಕಾ? ನಾನ್ ಹಾಕಾಕಿಲ್ಲ." ಅಲ್ಲಿಗೆ ಆ ಮಾತು ಬಿತ್ತು.

ಆವತ್ತು ಮನೆಗೆ ಬಂದು ಪುಟ್ಟಿಯ ಪುಸ್ತಕ ಮುಂದಿಟ್ಟುಕೊಂಡೆ. ಮುಯ್ಯಾಳು ಅನ್ನುವುದಕ್ಕೆ ಅದರಲ್ಲಿ ಏನು ಸಿಗುತ್ತದೆ? ದಿನ, ಕೈ, ತೋಟ, ನಾನು, ಅವಳು, ಇಷ್ಟು ಸಿಕ್ಕಿತು. ಕನ್ನಡ ಅಕ್ಷರದಲ್ಲೇ ಒಂದು ಚೀಟಿ ಬರೆದೆ. ಬೆಳಿಗ್ಗೆ ಕಾಡಾನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯಿಂದ ಬರುವ ಮೆಸೇಜ್ ನೋಡಿ, ನಮ್ಮ ಕಡೆ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಟೀಚರಮ್ಮನಿಗೆ ನಾನೇ ಫೋನ್ ಮಾಡಿದೆ. ಆವತ್ತು ಮೇಲ್ಮನೆ ಅಕ್ಕನ ತೋಟದ ಸರದಿ, ಎಲ್ಲರೂ ಅಲ್ಲಿರುತ್ತೇವೆ, ಮೇಡಂನ ಒಂದು ಸಲ ಅಲ್ಲಿಗೆ ಕರ್ಕೊಂಡು ಬನ್ನಿ ಅಂದೆ. ನಾನೇ ಫೋನ್ ಮಾಡಿದೆನಲ್ಲ, ಅದಕ್ಕೇ ಅವರು ಬಂದರೇನೋ.

ನಾನು ಗಿಡದ ಮರೆಯಲ್ಲೇ ನಿಂತು, ಅಕ್ಕನ ಕಡೆ ಕೈ ತೋರಿಸುತ್ತಾ, ಮೇಡಂಗೆ ಕೇಳುವ ಹಾಗೆ ಚೀಟಿ ತೆಗೆದು ಓದಿದೆ. "ಒನ್ ಡೇ ಮೈ ಗಾರ್ಡನ್, ಶೀ ಕಮ್. ಟುಡೇ ಹರ್ ಗಾರ್ಡನ್, ಐ ಕಮ್. ಡೇ ಗಿವ್, ಡೇ ಟೇಕ್." ಮುಂದಿನದು ಮರೆತುಹೋಯಿತು. ಚೀಟಿಯಲ್ಲಿ ಬರೆದದ್ದೂ ಬೆವರಿಗೆ ಅಳಿಸಿತ್ತು. ಆಕೆ ನಗಲಿಲ್ಲ. ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ, ತಿರುಗಿ ನನ್ನನ್ನೇ ಕೇಳಿದರು. ಆಗ ಒಂದು ವಿಷಯ ಗೊತ್ತಾಯಿತು. ಟೀಚರಮ್ಮನ ಇಂಗ್ಲಿಷಿಗಿಂತ ಆಕೆಯ ಇಂಗ್ಲಿಷ್ ನನಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಆಕೆಗೂ ಅದು ಪುಸ್ತಕ ನೋಡಿ ಕಷ್ಟಪಟ್ಟು ಕಲಿತ ಭಾಷೆ. ಎಲ್ಲಿ ಎಡವುತ್ತೇವೆ ಅಂತ ಆಕೆಗೆ ಗೊತ್ತಿತ್ತು.

ಆದರೂ ಆಕೆಗೆ ಪೂರ್ತಿ ನಂಬಿಕೆ ಬಂದಂತೆ ಕಾಣಲಿಲ್ಲ. ಯಾರೋ ಹೇಳಿಕೊಟ್ಟ ಮಾತನ್ನು ನಾವು ಒಪ್ಪಿಸುತ್ತಿದ್ದೇವೆ ಅಂತ ಆಕೆಗೆ ಅನಿಸಿದ್ದಿರಬಹುದು. ಬ್ಯಾಗು ಕೆಳಗಿಟ್ಟರು, ಇಲ್ಲೇ ಇದ್ದು ನೋಡುತ್ತೇನೆ ಅಂದರು. ಸುಮ್ಮನೆ ನಿಂತಿರುವುದು ಆಕೆಗೂ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಚೀಲ ಕೇಳಿ ಸೊಂಟಕ್ಕೆ ಕಟ್ಟಿಕೊಂಡರು. ನಾನು ಟವಲ್ ಕೊಟ್ಟೆ. ಕೆಂಪು ಹಣ್ಣು ಮಾತ್ರ ಕೊಯ್ಯಬೇಕು, ತೊಟ್ಟು ಹರಿಯಬಾರದು ಅಂತ ಕೈ ಹಿಡಿದು ತೋರಿಸಿದೆ. ನಾವು ಮೂರು ಗಿಡ ಮುಗಿಸುವಷ್ಟರಲ್ಲಿ ಆಕೆ ಅರ್ಧ ಗಿಡದಲ್ಲಿದ್ದರು, ಆದರೆ ಚೀಲದಲ್ಲಿ ಒಂದೇ ಒಂದು ಹಸಿರು ಕಾಯಿ ಇರಲಿಲ್ಲ. ಮಧ್ಯಾಹ್ನ ನಮ್ಮ ಸಾಲಿನಲ್ಲೇ ಕೂತು ಕಡುಬು, ಕಾಳು ಸಾರು ಉಂಡರು. ಮತ್ತೆ ಎದ್ದು ಬಂದರು. ಟೀಚರಮ್ಮ ಮರದ ಬುಡದಲ್ಲಿ ಕೂತು, ಇವರಿಗೆ ಹುಚ್ಚಾ ಅನ್ನುವ ಹಾಗೆ ನೋಡುತ್ತಿದ್ದರು.

ಸಂಜೆ ಚೀಲಗಳನ್ನೆಲ್ಲ ಸುರಿದ ಮೇಲೆ ಮೇಲ್ಮನೆ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದರು. ತಮಾಷೆಯ ಮುಖ ಅಲ್ಲ, ನಿಜವಾದ ಚಿಂತೆ.

"ಅಲ್ಲ ಕಣೇ, ಇವಮ್ಮಂದು ಒಂದು ದಿನ ನನ್ ಮೇಲೆ ನಿಂತ್ಕಂಡ್ತಲ್ಲ. ಇವಮ್ಮನ ತೋಟ ಎಲ್ಲೈತೆ ಅಂತ ಹೋಗಿ ತೀರ್ಸ್ಲಿ ನಾನು?"

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಏನು ಮಾತು ಅಂತ ಮೇಡಂ ಕೇಳಿದರು. ಟೀಚರಮ್ಮ ಅರ್ಧ ಹೇಳಿ ನಿಲ್ಲಿಸಿದರು. ನಮ್ಮ ಮುಯ್ಯಾಳು ಅಂದರೆ ಏನು ಅಂತ ಅವರಿಗೂ ಅರ್ಥವಾಗಿದ್ದು ಆ ಗಳಿಗೆಯಲ್ಲೇ ಅಂತ ನನಗೆ ಕಾಣಿಸಿತು. ಆಮೇಲೆ ಪೂರ್ತಿ ಹೇಳಿದರು. ಮೇಡಂ ಅದನ್ನು ಇನ್ನೊಂದು ಸಲ ಹೇಳಿಸಿಕೊಂಡರು. ಆಮೇಲೆ ತಮ್ಮ ಅಜ್ಜಿಯ ಊರಿನ ಕಥೆ ಶುರುಮಾಡಿದರು. ಅಲ್ಲಿ ಹುಲ್ಲಿನ ಮಾಡಿನ ಮನೆಗಳಂತೆ. ಒಂದು ಮನೆಯ ಮಾಡು ಹೊದಿಸಲು ಊರೇ ಬರಬೇಕು, ಆಮೇಲೆ ಆ ಮನೆಯವರು ಎಲ್ಲರ ಮಾಡಿಗೂ ಹೋಗಬೇಕು. ಗದ್ದೆ ನಾಟಿಗೂ ಹಾಗೇ ಇತ್ತಂತೆ. ಯಾರೂ ಕೂಲಿ ಕೇಳುತ್ತಿರಲಿಲ್ಲ. ತಾನು ಚಿಕ್ಕವಳಿದ್ದಾಗ ಅಜ್ಜಿಯ ಬಾಯಲ್ಲಿ ಕೇಳಿದ್ದು, ಈಗ ಅಲ್ಲಿ ಅದು ಇಲ್ಲ ಅಂದರು. ಅವರಲ್ಲಿ ಅದಕ್ಕೊಂದು ಚಿಕ್ಕ ಮಾತಿದೆ. ಹೇಳಿಕೊಟ್ಟರು, ನನ್ನ ನಾಲಿಗೆಗೆ ಅದು ಹತ್ತಲಿಲ್ಲ.

ಹಿಂದಿನ ದಿನದ ಕಾಗದ ತೆಗೆದರು. ಕೂಲಿ ಎಷ್ಟು ಅನ್ನುವ ಜಾಗದಲ್ಲಿ ಅಂಕಿ ಬರೆಯುವಷ್ಟೇ ಚಿಕ್ಕ ಚೌಕ ಇತ್ತು. ಬರೆದದ್ದನ್ನು ಹೊಡೆದುಹಾಕಿ, ಕಾಗದ ಮಗುಚಿ, ಹಿಂದಿನ ಪೂರ್ತಿ ಹಾಳೆ ತುಂಬಿಸಿದರು. ನಡುನಡುವೆ ಕೇಳುತ್ತಿದ್ದರು. ಹುಷಾರಿಲ್ಲದವಳು ಏನು ಮಾಡುತ್ತಾಳೆ? ಮುದುಕಿಯ ಒಂದು ದಿನವೂ ಗಟ್ಟಿಗಿತ್ತಿಯ ಒಂದು ದಿನವೂ ಸಮವೇ? ನಮ್ಮನ್ನು ಅದನ್ನೆಲ್ಲ ಯಾರೂ ಕೇಳಿರಲಿಲ್ಲ. ಹುಷಾರಿಲ್ಲದವಳಿಗೆ ಮುಂದಿನ ವರ್ಷದ ತನಕ ತಡೆದಿದ್ದೀವಿ ಅಂದಳು ಒಬ್ಬಳು. ಮುದುಕಿಯ ದಿನವೂ ದಿನವೇ ಅಂದರು ಅಕ್ಕ.

ತೀರ್ಮಾನ ತನ್ನ ಕೈಲಿಲ್ಲ, ದೊಡ್ಡವರು ಓದಬೇಕು ಅಂತ ಹೇಳಿ ಮೇಡಂ ಹೋದರು. ಎರಡು ತಿಂಗಳು ನಾನು ಯಾರ ಮುಖವನ್ನೂ ನೇರವಾಗಿ ನೋಡಲಿಲ್ಲ. ಆಮೇಲೆ ಸುದ್ದಿ ಬಂತು. ಹನ್ನೆರಡು ಮನೆಯ ಕಾಫಿಯನ್ನೂ ತಗೊಂಡರು. ಚೀಲದ ಮೇಲೆ ನಮ್ಮ ಊರಿನ ಹೆಸರು ಬರೆದದ್ದನ್ನು ನೋಡಲು ಅಕ್ಕ ಚೀಲ ಇಟ್ಟಿದ್ದ ಸ್ಟೋರಿಗೆ ಎರಡು ಸಲ ಹೋಗಿ ಬಂದರು.

ಆದರೆ ಆ ಒಂದು ದಿನ ಉಳಿದಿತ್ತಲ್ಲ. ಅಕ್ಕ ಬಿಡಲಿಲ್ಲ. ನೀನೇ ಮಾತಾಡಿ ಕರೆಸಿದವಳು, ನೀನೇ ತೀರಿಸು ಅಂದರು. ಟೀಚರಮ್ಮನ ಕೈಲಿ ಕೇಳಿಸಿದೆ. ತನಗೆ ಕನ್ನಡ ಹೇಳಿಕೊಡಲಿ, ಒಂದು ದಿನದಷ್ಟು, ಅಂತ ಮೇಡಂನ ಉತ್ತರ ಬಂತು. ಒಂದು ದಿನ ಅಂದರೆ ಕೊಯ್ಲಿನ ಲೆಕ್ಕದಲ್ಲಿ ಎಂಟು ಗಂಟೆ. ಭಾನುವಾರಕ್ಕೊಂದು ಗಂಟೆಯಂತೆ ಎಂಟು ವಾರ ಫೋನಿನಲ್ಲಿ ಹೇಳಿಕೊಟ್ಟೆ. ಮುಖ ಕಾಣುವ ಫೋನು ಬೇಡ ಅಂದಿದ್ದೆ. ಆಕೆಯೂ ಅದೇ ಒಳ್ಳೆಯದು ಅಂದರು. ನನ್ನ ಹಾಗೇ ನಾಚಿಕೆಯವರು ಅಂತ ಆಮೇಲೆ ಗೊತ್ತಾಯಿತು. ಎಂಟನೇ ವಾರ ಗಂಟೆ ಮುಗಿದರೂ ಇಬ್ಬರೂ ಫೋನ್ ಇಡಲಿಲ್ಲ.

ಈ ಸಲದ ಕೊಯ್ಲಿಗೆ ಮುಯ್ಯಾಳಿಗೆ ಬರುವವರು ಹನ್ನೆರಡರಲ್ಲಿ ಒಂಬತ್ತೇ ಮನೆ. ಮೂವರಿಗೆ ಕೂಲಿ ಆಳೇ ಅನುಕೂಲವಾಯಿತು, ಅವರದು ತಪ್ಪು ಅನ್ನುವುದಿಲ್ಲ. ಆದರೆ ಕಾಗದ ಹಿಡಿದವರು ಇನ್ನೂ ಬರುತ್ತಾರೆ. ಈ ತೋಟ ಒಂದು ದಿನ ನಿಮ್ಮದಾಗುತ್ತದೆ. ಕೂಲಿ ಎಷ್ಟು ಅಂತ ಅವರು ನಿಮ್ಮನ್ನು ಕೇಳಿದಾಗ ನನ್ನ ಹಾಗೆ ಎರಡು ಮಾತಿನಲ್ಲಿ ಮುಗಿಸಬೇಡಿ, ಎದುರಿನವರಿಗೆ ಗೊತ್ತಿದೆ ಅಂದುಕೊಳ್ಳಬೇಡಿ. ಇಷ್ಟೂ ಉದ್ದದ ಉತ್ತರ ಈ ಹಾಳೆಗಳಲ್ಲಿದೆ. ಪುಟ್ಟಿ, ನಿನ್ನ ಹಳೇ ಇಂಗ್ಲಿಷ್ ಪುಸ್ತಕದೊಳಗೇ ಇವನ್ನು ಇಟ್ಟಿದ್ದೇನೆ, ಬೆವರಿಗೆ ಅಳಿಸಿದ ಆ ಚೀಟಿಯೂ ಅಲ್ಲೇ ಇದೆ. ಪುಸ್ತಕ ಹಳೆಯದಾಯಿತು ಅಂತ ರದ್ದಿಗೆ ಹಾಕಬೇಡಿ. ಇಬ್ಬರೂ ಸೇರಿ ಜೋಪಾನವಾಗಿ ಇಟ್ಟುಕೊಳ್ಳಿ.