ನಾನೇ ಗೊತ್ತು ಮಾಡಿದ ಆಗ್ರಾ ಕಾರು

ಕಳೆದ ಭಾನುವಾರ ಬೆಳಿಗ್ಗೆ, ನಾನೇ ಗೊತ್ತು ಮಾಡಿದ ಕಾರು ನನ್ನೊಬ್ಬಳನ್ನೇ ಬಿಟ್ಟು ಆಗ್ರಾಕ್ಕೆ ಹೊರಟುಹೋಯಿತು.

ಡ್ರೈವರ್ ಮೋಸ ಮಾಡಲಿಲ್ಲ. ಯಾರೊಂದಿಗೂ ಜಗಳವಾಗಲಿಲ್ಲ. ಎಲ್ಲರೂ ನಗುತ್ತಲೇ ಕೈಬೀಸಿದರು. ಕರೋಲ್ ಬಾಗಿನ ಹೋಟೆಲ್ ಮುಂದೆ ನಿಂತು ನಾನೂ ಕೈಬೀಸಿದೆ.

ದಿಲ್ಲಿಯಲ್ಲಿ ನೌಕರಿಗಿರುವ ನಮ್ಮಂಥವರಿಗೆ ಸಂಬಳವಿಲ್ಲದ ಇನ್ನೊಂದು ನೌಕರಿ ಇರುತ್ತದೆ. ಊರಿಂದ ಬಂದವರಿಗೆ ಆಗ್ರಾ-ಮಥುರಾಕ್ಕೆ ಕಾರು ಮಾಡಿಕೊಡುವುದು. ನನಗೆ ಆ ನೌಕರಿಯಲ್ಲಿ ಸ್ವಲ್ಪ ಹೆಚ್ಚೇ ಪ್ರಮೋಷನ್ ಸಿಕ್ಕಿದೆ. ಏಕೆಂದರೆ ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಗಾರೆ ಕೆಲಸದವನ ಮಗಳು, ಹಾಸ್ಟೆಲ್ ಅನ್ನ ತಿಂದು ಬಿ.ಎ. ಮುಗಿಸಿ, ಪರೀಕ್ಷೆ ಬರೆದು ಸೆಂಟ್ರಲ್ ಗೌರ್ಮೆಂಟ್ ಕೆಲಸ ಹಿಡಿದವಳು. (ಹೌದು, ಜಂಬದಿಂದಲೇ ಹೇಳುತ್ತಿದ್ದೇನೆ. ಪುಕ್ಕಟೆ ಬಂದದ್ದಲ್ಲ.) ಅಷ್ಟೆಲ್ಲ ಓದಿದವಳಿಗೆ ಒಂದು ಕಾರು ಗೊತ್ತು ಮಾಡುವುದು ಯಾವ ಮಹಾ ಕೆಲಸ?

ಮಹಾ ಕೆಲಸವೇ. ಕೇಳಿ. ಟ್ಯಾಕ್ಸಿಯವರ ಕಿಲೋಮೀಟರ್ ಲೆಕ್ಕ ನಿಮ್ಮ ಗೇಟಿನಿಂದ ಶುರುವಾಗುವುದಿಲ್ಲ, ಅವರ ಸ್ಟ್ಯಾಂಡಿನಿಂದ ಶುರುವಾಗುತ್ತದೆ. ಹತ್ತುವ ಮೊದಲು ಮೀಟರ್ ನೋಡಿಕೊಳ್ಳಿ. ಹರಿಯಾಣ, ಯುಪಿ ಬಾರ್ಡರಿನ ಟ್ಯಾಕ್ಸ್ ಯಾರದ್ದು, ಪಾರ್ಕಿಂಗ್ ಯಾರದ್ದು ಅಂತ ಹೊರಡುವ ಮೊದಲೇ ಬಾಯಿಬಿಟ್ಟು ಕೇಳಿ. ಮರ್ಯಾದೆಗೆ ಸುಮ್ಮನಿದ್ದರೆ ವಾಪಸ್ ಬಂದಮೇಲೆ ರಸ್ತೆಯಲ್ಲಿ ಜಗಳ. ಡ್ರೈವರ್ ತಾನಾಗಿ ಗಾಡಿ ನಿಲ್ಲಿಸುವ ಅಮೃತಶಿಲೆ ಅಂಗಡಿಗೆ ಕಾಲಿಡಬೇಡಿ, ಅಲ್ಲಿ ಅವನಿಗೆ ಕಮಿಷನ್. ಅವನ ಮೊಬೈಲ್ ನಂಬರ್ ಇಲ್ಲದೆ ಗಾಡಿ ಬಿಡಬೇಡಿ. ಎಲ್ಲಕ್ಕಿಂತ ಮುಖ್ಯ, ಶುಕ್ರವಾರ ಹೋಗಬೇಡಿ. ತಾಜ್ ಮಹಲಿಗೆ ಅಂದು ರಜೆ.

ಇಷ್ಟೆಲ್ಲ ಬಲ್ಲ ನಾನು ಇಂದಿನವರೆಗೂ ತಾಜ್ ಮಹಲ್ ನೋಡಿಲ್ಲ. ನಗಬೇಡಿ. ಒಬ್ಬಳೇ ಕಾರು ಮಾಡಿಕೊಂಡು ತಾಜ್ ಮಹಲ್ ನೋಡಲು ಯಾರಾದರೂ ಹೋಗುತ್ತಾರಾ? ಹೋಗಿ, ಯಾರ ಮುಖ ನೋಡಿ 'ಚೆನ್ನಾಗಿದೆ ಅಲ್ವಾ' ಅನ್ನುವುದು?

ಈ ಸಲ ನಾನೂ ಹೊರಟಿದ್ದೆ. ಅಕ್ಕ ಬಂದಿದ್ದಳು. ಭಾವ, ಅವಳ ಅತ್ತೆ-ಮಾವ, ಇಬ್ಬರು ಮಕ್ಕಳು. ಹರಿದ್ವಾರ ಮುಗಿಸಿ ಬಂದು ಹೋಟೆಲಿನಲ್ಲಿ ಇಳಿದವರು. ಭಾನುವಾರ ಆಗ್ರಾ, ಮರುದಿನ ಬೆಳಿಗ್ಗೆ ಊರಿಗೆ ರೈಲು. ನನ್ನ ಪಾಲಿಗಿದ್ದದ್ದು ಆ ಒಂದೇ ದಿನ.

ನನಗೆ ಬೇಕಿದ್ದದ್ದು ತಾಜ್ ಅಲ್ಲ. ಅಕ್ಕನ ಪಕ್ಕದ ಸೀಟು. ಹೋದ ವರ್ಷ ಅವ್ವ ತೀರಿಕೊಂಡಳು. ಹಾಸಿಗೆ ಹಿಡಿದವಳನ್ನು ಕೊನೆಯವರೆಗೂ ನೋಡಿಕೊಂಡವಳು ಅಕ್ಕ. ದಿಲ್ಲಿಯಿಂದ ನಾನು ಊರು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ತಿಥಿಯ ಮನೆಯಲ್ಲಿ ತುಂಬ ಜನ. ಅಕ್ಕನ ಹತ್ತಿರ ಮೊಬೈಲ್ ಇಲ್ಲ, ಮನೆಯ ಫೋನ್ ಇರುವುದು ನಡುಮನೆಯಲ್ಲಿ, ಅತ್ತೆಯವರ ಮಂಚದ ಪಕ್ಕ. ಅವ್ವ ಕೊನೆಗೆ ನನ್ನನ್ನು ಕೇಳಿದಳಾ? ಇದೊಂದನ್ನು ಕೇಳಬೇಕಿತ್ತು. ಆಗ್ರಾ ದಾರಿ ಉದ್ದ. ಹಿಂದಿನ ಸೀಟಿನಲ್ಲಿ, ಉಳಿದವರು ತೂಕಡಿಸುವಾಗ, ಮೆಲ್ಲಗೆ ಕೇಳಬಹುದಲ್ಲ ಅಂದುಕೊಂಡಿದ್ದೆ.

ಪೀತಮ್‌ಪುರದ ನಮ್ಮ ಸ್ಟ್ಯಾಂಡಿನಲ್ಲಿ ಎಂಟು ಸೀಟಿನ ಕ್ವಾಲಿಸ್ ಹೇಳಿದೆ. ಡ್ರೈವರನನ್ನೂ ಸೇರಿಸಿಯೇ ತಲೆ ಎಣಿಸಿದ್ದೆ. ಆದರೆ ಹೋಟೆಲ್ ಮುಂದೆ ಇಳಿದರೆ, ಭಾವನ ಆಫೀಸಿನವರೊಬ್ಬರು ಹೆಂಡತಿ ಸಮೇತ ಸ್ವೆಟರ್ ಹಾಕಿಕೊಂಡು ರೆಡಿ.

"ಹರಿದ್ವಾರದಲ್ಲಿ ಸಿಕ್ಕಿದ್ರು ಕಣಮ್ಮ. ದೊಡ್ಡ ಗಾಡಿ ಅಲ್ವಾ, ಬನ್ನಿ ಅಂದೆ," ಅಂದರು ಭಾವ.

ನಮ್ಮವರಿಗೆ ದೊಡ್ಡ ಗಾಡಿ ಕಂಡರೆ ಖಾಲಿ ಕಳಿಸಲು ಮನಸ್ಸೇ ಬರುವುದಿಲ್ಲ. ಚಿಕ್ಕ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡರು. ಬ್ಯಾಗುಗಳನ್ನು ಕಾಲಡಿಗೆ ತಳ್ಳಿದರು. ಆದರೂ ಒಬ್ಬರಿಗೆ ಜಾಗವಿಲ್ಲ.

"ಭಯ್ಯಾ, ಥೋಡಾ ಅಡ್ಜಸ್ಟ್," ಅಂದೆ.

"ಇನ್ನೂ ಎಷ್ಟು ಅಡ್ಜಸ್ಟು ಮೇಡಂಜೀ? ಬಾರ್ಡರಿನಲ್ಲಿ ಪೊಲೀಸ್ ನಿಲ್ಲಿಸಿದರೆ ನೀವು ಬರ್ತೀರಾ?" ಅಂತ ಹಿಂದಿಯಲ್ಲಿ ರೇಗಿದ ಡ್ರೈವರ್ ಪಪ್ಪು.

ಒಳಗಿದ್ದವರೆಲ್ಲ ನನ್ನನ್ನು ನೋಡಿದರು. ಅಕ್ಕನ ಅತ್ತೆ ನಕ್ಕರು. "ನೀನು ದಿಲ್ಲಿಯವಳೇ ಅಲ್ವೇನಮ್ಮ? ತಾಜ್ ಮಹಲ್ ನೋಡಿ ನೋಡಿ ನಿಂಗೆ ಬೇಜಾರೇ ಬಂದಿರ್ಬೇಕು!"

"ಹೌದು ಅತ್ತೆ, ನೀವು ಹೋಗ್ಬನ್ನಿ," ಅಂದೆ. ಅಕ್ಕ ಮಗನ ಮಫ್ಲರ್ ಸರಿಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

ಮೆಟ್ರೋ ಹಿಡಿದು ಮನೆಗೆ ಬಂದೆ. ದಾರಿಗೆಂದು ಕಲಸಿದ್ದ ಚಿತ್ರಾನ್ನವನ್ನು ಅವರ ಕೈಗೇ ಕೊಟ್ಟಿದ್ದೆ. ನನಗಾಗಿ ಒಲೆ ಹಚ್ಚಲು ಮನಸ್ಸಾಗಲಿಲ್ಲ. ಎದುರು ಫ್ಲಾಟಿನ ಹುಡುಗಿ ಬೆಲ್ ಮಾಡಿ, "ಆಂಟಿ, ಆಜ್ ಆಪ್ ಆಗ್ರಾ ನಹೀ ಗಯೀ?" ಅಂದಳು, ಹೋಗಲಿಲ್ಲವಾ ಅಂತ. ಅಪ್ಪ-ಅಮ್ಮ ಧಾರವಾಡದವರು, ಕನ್ನಡ ಅವಳಿಗೆ ಅರ್ಥವಾಗುತ್ತದೆ. ಆದರೂ ಸುಮ್ಮನೆ ನಕ್ಕು ಬಾಗಿಲು ಹಾಕಿಕೊಂಡೆ.

ಮಧ್ಯಾಹ್ನ ತಡೆಯಲಾಗದೆ ಪಪ್ಪುವಿಗೆ ಫೋನ್ ಮಾಡಿದೆ.

"ಎಲ್ಲರೂ ಒಳಗೆ ಹೋದರು ಮೇಡಂಜೀ. ನಿಮ್ಮ ದೀದಿ ಮಾತ್ರ ಗಾಡಿಯಲ್ಲೇ ಇದ್ದಾರೆ. ಮಂಡಿ ನೋವಂತೆ. ಕೊಡಲಾ?"

"ಜಯಾ?" ಅಂದಳು ಅಕ್ಕ. ಡ್ರೈವರ್ ಫೋನನ್ನು ಬಾಯಿಗೆ ಎಷ್ಟು ಹತ್ತಿರ ಹಿಡಿದಿದ್ದಳೋ, ಉಸಿರು ಕೂಡ ಕೇಳುತ್ತಿತ್ತು. "ಗಾಡೀಲಿ ಒಬ್ಳೇ ಕೂತಿದೀನಿ ಕಣೆ. ಬೆಳಿಗ್ಗೆ ನಾನೂ ಇಳಿದುಬಿಡ್ತೀನಿ ಅನ್ನೋಣ ಅಂದ್ಕೊಂಡೆ. ಅವರೆಲ್ಲರ ಎದುರಿಗೆ ಬಾಯೇ ಬರ್ಲಿಲ್ಲ."

ಇನ್ನು ಕಾಯಲಿಲ್ಲ. ಕೇಳಿಬಿಟ್ಟೆ. "ಅಕ್ಕ, ಅವ್ವ ಕೊನೇಲಿ ನನ್ನ ಕೇಳಿದ್ಲಾ?"



"ಎಲ್ಲಿ ಕೇಳ್ತಾಳೆ? ನನ್ನನ್ನೇ ನೀನು ಅಂದ್ಕೊಂಡಿದ್ಲು. ಜಯಾ, ಬಂದ್ಯಾ ಅಂತ ಕೈ ಹಿಡ್ಕೊಂಡ್ಲು. ಹೂಂ ಅವ್ವ, ಬಂದೆ ಅಂದೆ. ಆಮೇಲೆ ನನ್ನ ಹೆಸರು ಹಿಡಿದು ಕರೀಲೇ ಇಲ್ಲ."

ಉಚ್ಚೆ ಬಟ್ಟೆ ಒಗೆದವಳು ಅವಳು, ಗಂಜಿ ಕುಡಿಸಿದವಳು ಅವಳು. ಕೊನೆಯ ಕರೆ ಮಾತ್ರ ನನ್ನ ಹೆಸರಿಗೆ. ಅದನ್ನು ಒಂದು ವರ್ಷ ಒಬ್ಬಳೇ ಒಳಗಿಟ್ಟುಕೊಂಡಿದ್ದಳು. ನನಗಾದರೂ ದಿಲ್ಲಿಯಲ್ಲಿ ಯಾರೂ ಇಲ್ಲ. ತುಂಬಿದ ಮನೆಯಲ್ಲಿ ಅವಳಿಗೂ ಯಾರೂ ಇರಲಿಲ್ಲವಾ?

"ಅಕ್ಕ," ಅಂದೆ. ಅಷ್ಟರಲ್ಲಿ ಹಿಂದಿನಿಂದ ಪಪ್ಪು, "ದೀದಿ, ರೋಮಿಂಗ್ ಹೈ, ರೋಮಿಂಗ್!" ಅಂತ ಕೂಗಿದ. ಇಲ್ಲಿಂದ ಯುಪಿಗೆ ಹೋದ ಫೋನಿಗೆ ಕರೆ ಬಂದರೂ ದುಡ್ಡು ಹೋಗುತ್ತದೆ, ಅವನ ಸಂಕಟ ಅವನಿಗೆ.

"ಇಡ್ತೀನಿ ಕಣೆ, ಪಾಪ ಅವರದ್ದು ಫೋನು," ಅಂದಳು ಅಕ್ಕ. ಇಟ್ಟೇಬಿಟ್ಟಳು.

ಮರುದಿನ ಬೆಳಿಗ್ಗೆ ಸ್ಟೇಷನ್ನಿಗೆ ಹೋಗಿದ್ದೆ. ಅತ್ತೆಯವರು ಆಗ್ರಾದಿಂದ ತಂದ ಪೇಠಾ ಸಿಹಿಯ ಡಬ್ಬಿ ಕೈಗಿಟ್ಟರು. ಭಾವ ಕಾರು ತುಂಬ ಚೆನ್ನಾಗಿತ್ತು ಅಂದರು. ಅಕ್ಕ ಕಿಟಕಿಯ ಸರಳಿನಾಚೆಯಿಂದ ನನ್ನ ಬೆರಳು ಹಿಡಿದುಕೊಂಡಿದ್ದಳು, ರೈಲು ಅಲುಗುವವರೆಗೂ. ಸುತ್ತ ಅಷ್ಟು ಜನ. ಇಬ್ಬರೂ ರೈಲಿಗೆಂದು ಇಡ್ಲಿ ಕಟ್ಟಿಸಿದ ವಿಷಯವನ್ನೇ ಮಾತಾಡಿದೆವು.

ಆದ್ದರಿಂದ ನನ್ನದು ಇನ್ನೊಂದೇ ಸಲಹೆ: ಯಾರೊಂದಿಗಾದರೂ ನಿಜವಾಗಿ ಮಾತಾಡುವುದಿದ್ದರೆ, ದಯವಿಟ್ಟು ಸಣ್ಣ ಕಾರನ್ನೇ ಗೊತ್ತು ಮಾಡಿ.