ಸರ್ ಮಡಿಸಿಟ್ಟ ಮರುಭೂಮಿ

ನಕ್ಷೆ ನೋಡುವಾಗ ನಮ್ಮ ಭೂಗೋಳದ ಸರ್ ಅವರ ಮೂಗಿನ ತುದಿ ಕಾಗದಕ್ಕೆ ತಾಗುತ್ತಿತ್ತು. ಕನ್ನಡಕ ಮಾತ್ರ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ಅದನ್ನು ಹಾಕಿಕೊಂಡರೆ ಮರ್ಯಾದೆ ಹೋಗುತ್ತದೆ ಎಂದು ಅವರಿಗೆ ಯಾರು ಹೇಳಿದ್ದರೋ.

ಭಾಲ್ಕಿಯ ನಮ್ಮ ಶಾಲೆಯಲ್ಲಿದ್ದದ್ದು ಒಂದೇ ದೊಡ್ಡ ನಕ್ಷೆ, ಅದೂ ಬ್ರಿಟಿಷರ ಕಾಲದಲ್ಲಿ ಅಳೆದು ಬರೆದ ರಾಜಸ್ಥಾನದ ಮರುಭೂಮಿಯದು. ಸರ್‌ಗೆ ಅದು ತಮ್ಮ ಗುರುಗಳಿಂದ ಬಂದಿತ್ತು. ಬಟ್ಟೆಗೆ ಅಂಟಿಸಿದ ಆ ಹಾಳೆಯ ತುಂಬ ಮರಳುದಿಬ್ಬ, ಒಂಟೆ ನಡೆದ ದಾರಿ, ಅಲ್ಲೊಂದು ಇಲ್ಲೊಂದು ಬಾವಿ. ನಮ್ಮ ಕೈಗೆ ಬಿಳಿ ದಾರ ಕೊಟ್ಟು, ಈ ತುದಿಯ ಹಳ್ಳಿಯಿಂದ ಆ ತುದಿಯ ಹಳ್ಳಿಗೆ ಹೋಗಿ ಎನ್ನುತ್ತಿದ್ದರು. ದಾರ ಒಂದು ಗೇಣು ಹೋಗುವುದರೊಳಗೆ ಸಿಹಿನೀರಿನ ಬಾವಿ ಸಿಗಬೇಕು. ಉಪ್ಪುನೀರಿನದು ಲೆಕ್ಕಕ್ಕಿಲ್ಲ. ಸಿಗದಿದ್ದರೆ ತೀರ್ಪು ಒಂದೇ: “ಸತ್ತಿ. ಕೂಡು.”

ನಾನು ವಾರವಾರ ಸತ್ತೆ. ಇಡೀ ತರಗತಿ ಸತ್ತಿತು. ದಾರಿಯೇ ಇಲ್ಲ ಎಂದರೆ, ತಾವು ವಿದ್ಯಾರ್ಥಿಯಾಗಿದ್ದಾಗ ಇದೇ ಹಾಳೆಯಲ್ಲಿ ದಾಟಿದ್ದಾಗಿ ಹೇಳುತ್ತಿದ್ದರು. ತೋರಿಸಿ ಎಂದರೆ ತೋರಿಸುತ್ತಿರಲಿಲ್ಲ. ಒಮ್ಮೆ ಸಿಟ್ಟು ನೆತ್ತಿಗೇರಿ, “ನಮ್ಮ ಮಾಂಜ್ರಾ ಹೊಳಿ ನಕ್ಷಾ ತರ್ರಿ ಸರ್, ಅದನ್ನರ ದಾಟ್ತೇನಿ,” ಎಂದೆ.

ಸರ್ ದಾರ ಸುತ್ತುತ್ತ, “ಹೊಳಿ ದಾಟ್ಲಿಕ್ಕ ನಾ ಯಾಕ ಬೇಕವ್ವ?” ಎಂದರು.

ಆ ಹಟದಲ್ಲೇ ಭೂಗೋಳ ಓದಿದೆ. ಈಗ ಠಾಣಾ ಕುಶನೂರಿನಲ್ಲಿ ಅದನ್ನೇ ಕಲಿಸುತ್ತೇನೆ. ಭಾಲ್ಕಿಗೆ ಹೋದಾಗಲೆಲ್ಲ ಸರ್ ಮನೆಗೆ ಹೋಗುವುದು, ದಾರ ಹಿಡಿದು ಸಾಯುವುದು, ಗೊಣಗುತ್ತ ಬಸ್ಸು ಹತ್ತುವುದು ತಪ್ಪಲಿಲ್ಲ.

ಕಳೆದ ಮಳೆಗಾಲದಲ್ಲಿ ಸರ್ ತೀರಿಕೊಂಡರು. ಮಾತಾಡಿಸಲು ಹೋದಾಗ ಅವರ ಹೆಂಡತಿ ನಕ್ಷೆಯನ್ನು ನನ್ನ ಕೈಗಿತ್ತರು. ಅಲ್ಲೇ ನೆಲದ ಮೇಲೆ ಹಾಸಿದೆ. ನಟ್ಟನಡುವೆ, ಬರೀ ಮರಳು ಎಂದು ನಾವೆಲ್ಲ ತಿಳಿದಿದ್ದ ಕಡೆ, ಒಂದು ಕಾಗದದ ತೇಪೆಯ ಅಂಚು ಮಳೆಗಾಲದ ತೇವಕ್ಕೆ ಮೇಲೆದ್ದಿತ್ತು. ಮಡಿಕೆ ಹರಿಯದಿರಲೆಂದು ಯಾರೋ ಮೈದಾ ಅಂಟಿನಲ್ಲಿ ಹಚ್ಚಿದ್ದು. ಮೆಲ್ಲಗೆ ಎತ್ತಿದೆ. ಕೆಳಗೆ ಬಾವಿ. ಸಿಹಿನೀರಿನದು.

“ಅವರೇ ಹಚ್ಚಿದ್ರು ನೋಡವ್ವ,” ಎಂದರು ಅವರ ಹೆಂಡತಿ. “ಚಾಳೀಸ ಹಾಕ್ಕೊಂಡ್ ಹಚ್ರಿ ಅಂದೆ. ಕೇಳಲಿಲ್ಲ, ಜೇಬಿನ್ಯಾಗ ಇಟ್ಕೊಂಡೇ ಹಚ್ಚಿದ್ರು.”

ಮೈಯೆಲ್ಲ ಉರಿಯಿತು. ಜಗಳಾಡೋಣವೆಂದರೆ ಮನುಷ್ಯನೇ ಇಲ್ಲ. ದಾರ ಕೇಳಿ ತೆಗೆದುಕೊಂಡು ಅಲ್ಲೇ ಕೂತೆ. ಬಾವಿಯಿಂದ ಬಾವಿಗೆ, ಗೇಣು ಮೀರದಂತೆ, ಆ ತುದಿಯ ಹಳ್ಳಿ ಮುಟ್ಟಿದೆ. ಮುಟ್ಟಿ, ಅಭ್ಯಾಸಬಲದಿಂದ ತಲೆಯೆತ್ತಿ ಅವರ ಕುರ್ಚಿಯ ಕಡೆ ನೋಡಿದೆ. ದಾಟಿದವರಿಗೆ ಸರ್ ಏನು ಹೇಳುತ್ತಿದ್ದರೋ ನಮಗೆ ಯಾರಿಗೂ ಗೊತ್ತಿಲ್ಲ.