ಸಾವಿನ ಮನ್ಯಾಗ ಮೂರು ಸ್ವರ

ಸ್ವಾತಂತ್ರ್ಯ ಬಂದ ಹೊಸತರಾಗ ಗದಗ ಸ್ಟೇಷನ್ನಿನ ಆಂಗ್ಲೋ-ಇಂಡಿಯನ್ ಗಾರ್ಡ್ ಸಾಹೇಬ್ರು ತಮ್ಮ ಗಿಟಾರಿನ ಮ್ಯಾಲೆ ನನಗ ಕಾರ್ಡ್ ಕಲಿಸಿದ್ರು. ಕಾರ್ಡ್ ಅಂದ್ರ ಮೂರು ಸ್ವರ ಒಮ್ಮೆಲೇ ನುಡಿಸೋದು. ‘ಈ ಮೂರು ಕೂಡಿದ್ರ ದುಃಖ’ ಅಂತಿದ್ರು.

ನಾನು ಭಜನಿಗೆ ಹಾರ್ಮೋನಿಯಂ ಪೇಟಿ ಬಾರಿಸಾಂವ. ಹತ್ತಿರದ ಹರ್ತಿ ಊರಾಗ ಒಬ್ಬ ಹರೇದ ಹುಡುಗ ತೀರಿಕೊಂಡಿದ್ದ. ಹೆಣಾ ಕುಂಡ್ರಿಸಿ ಭಜನಿ ನಡದಿತ್ತು. ದುಃಖದ ಮನಿ ಅಂತ ಪೇಟಿ ಮ್ಯಾಲೆ ಆ ಮೂರೂ ಸ್ವರ ಒಮ್ಮೆಲೇ ಒತ್ತಿದೆ. ಹಾಡಾವ್ರು ಯಾವ ಸ್ವರ ಹಿಡೀಬೇಕು ತಿಳೀದ ದಿಕ್ಕು ತಪ್ಪಿ ನಿಂತುಬಿಟ್ರು. ಹುಡುಗನ ಅಪ್ಪ ಎದ್ದು ಬಂದು ನನ್ನ ಕೈ ಹಿಡದ.

‘ತಮ್ಮಾ, ನೀ ಬರೇ ಸಾ ಹಿಡಿ. ಅಳಾಕ ನಾವದೀವಿ.’

ಸಾಹೇಬ್ರಿಗೆ ಹೇಳಿದೆ. ಅವರು ಟ್ರಂಕು ಕಟ್ಟಾಕತ್ತಿದ್ರು. ಅವರ ಹೆಂಡ್ತಿ ಮಕ್ಕಳು ಮೊದಲೇ ವಿಲಾಯ್ತಿ ಹಡಗ ಹತ್ತಿದ್ರು. ‘ನಿಮ್ಮಲ್ಲಿ ಅಳಾಕ ಮಂದಿ ಅದಾರ. ನನಗ ಈ ಮೂರು ಸ್ವರಾನ ಗತಿ’ ಅಂದ್ರು.

ಈಗ ನಮ್ಮ ಮನ್ಯಾಗೂ ಮಂದಿ ಕಡಿಮಿ ಆಗ್ಯಾರ. ಪೇಟಿ ಮಾತ್ರ ಇನ್ನೂ ಗಟ್ಟಿ ಐತಿ.